ಪರಿಚಯದ ತಿಂಗಳು

ಚಿಗವ್ವನ ಕೋಣೆಗೆ ಕಾಲಿಟ್ಟ ಕೂಡಲೇ ನಾನು ಮೊದಲು ನೋಡುತ್ತಿದ್ದದ್ದು ಗೋಡೆಯನ್ನು. ಚಿಗವ್ವನನ್ನಲ್ಲ. ಇದನ್ನು ಈಗ ಬರೆಯುವಾಗ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನಿಸುತ್ತದೆ. ಆಗ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ. ಗೋಡೆಯ ಮೇಲೆ ಹಸಿರು ಬಣ್ಣದಲ್ಲಿ ಒಂದು ಅಂಕಿ ಹೊಳೆಯುತ್ತಿತ್ತು. ತೊಂಬತ್ತೇಳು. ರಾಜ್ಯದಲ್ಲಿದ್ದ ಆರುನೂರು ಚಿಲ್ಲರೆ ವೃದ್ಧರ ಆರೈಕೆ ಮನೆಗಳಲ್ಲಿ ನೂರಕ್ಕೆ ತೊಂಬತ್ತೇಳು ಪಡೆದದ್ದು ಹುಬ್ಬಳ್ಳಿಯ ಹೊರಗಿನ ಈ ‘ಸಂಜೆಬೆಳಕು’ ಒಂದೇ.

“ಬಂದ್ಯಾ ಮಾದೇವಿ? ಕುಂದ್ರು.”

“ಹೆಂಗದೀ ಚಿಗವ್ವ?”

“ಚಲೋ ಅದೀನಿ. ನನಗೇನಾಗೇದ?”

ಗೋಡೆಯೂ ಅದನ್ನೇ ಹೇಳುತ್ತಿತ್ತು, ಚಿಗವ್ವನೂ ಅದನ್ನೇ ಹೇಳುತ್ತಿದ್ದಳು. ಇನ್ನೇನು ಬೇಕು? ಶೇಂಗಾ ಹೋಳಿಗೆಯ ಡಬ್ಬಿ ತೆಗೆದು ಅವಳ ಕೈಗೆ ಒಂದು ತುಂಡು ಕೊಟ್ಟು, ಅರ್ಧ ಗಂಟೆ ಕೂತು, ಧಾರವಾಡದ ಬಸ್ಸು ಹಿಡಿಯುತ್ತಿದ್ದೆ. ಪ್ರತಿ ತಿಂಗಳ ಎರಡನೇ ಭಾನುವಾರ, ತಪ್ಪದೇ. ಹೀಗೆ ಇಪ್ಪತ್ತೆರಡು ತಿಂಗಳು.

ಆ ಅಂಕಿಯನ್ನು ನಂಬಲು ನನಗೆ ದೊಡ್ಡ ಕಾರಣವಿತ್ತು. ಅದನ್ನು ಹುಟ್ಟಿಸಿದವಳೇ ನಾನು.

ವೃದ್ಧರನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಹಿಂದೆ ತಪಾಸಣೆಯ ಅಧಿಕಾರಿಗಳು ಬರುತ್ತಿದ್ದರು. ಅವರು ಬರುವ ದಿನ ಹಾಸಿಗೆಗೆ ಹೊಸ ಚಾದರ, ಊಟಕ್ಕೆ ಶಾವಿಗೆ ಪಾಯಸ. ಮ್ಯಾನೇಜರನ ಎದುರಿಗೇ ಒಬ್ಬ ಅಜ್ಜಿಯನ್ನು “ಇಲ್ಲಿ ಹೇಗಿದೆ?” ಎಂದು ಕೇಳುವುದು, ಆಕೆ “ಏನೂ ಕಡಿಮಿ ಇಲ್ಲರೀ” ಅನ್ನುವುದು, ಸಾಹೇಬರು ಸಹಿ ಹಾಕುವುದು. ನಮ್ಮ ಹಿರಿಯರ ಸ್ವಭಾವವೇ ಹಾಗೆ. ಮೈಮೇಲೆ ಕುದಿಯುವ ನೀರು ಚೆಲ್ಲಿದರೂ, ಚೆಲ್ಲಿದವರಿಗೆ ಬೇಜಾರಾದೀತೆಂದು “ಅಷ್ಟೇನೂ ಬಿಸಿ ಇರಲಿಲ್ಲ” ಅನ್ನುವ ಮಂದಿ. ಹಾಗಾದರೆ ಬಾಯಿಯನ್ನು ಕೇಳುವುದೇ ಬೇಡ, ಮೈಯನ್ನೇ ಕೇಳಿದರೆ ಹೇಗೆ ಎಂಬುದು ನನ್ನ ಯೋಚನೆ.

ಯೋಚನೆ ನನ್ನದು ಅಂದೆನಲ್ಲ, ಅದೂ ಸುಳ್ಳು. ಅದು ಚಿಗವ್ವನದು. ನೀಲಾಂಬಿಕಾ ಮೂಲಿಮನಿ, ನನ್ನ ಅವ್ವನ ತಂಗಿ, ಹುಬ್ಬಳ್ಳಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಟ್ರಂಕ್ ಕಾಲ್ ಹಚ್ಚಿಕೊಡುವ ಕೆಲಸ. ಅವ್ವ ತೀರಿಕೊಂಡಾಗ ನನಗೆ ಆರು ವರ್ಷ. ಮದುವೆಯಾಗದ ಚಿಗವ್ವ ನನ್ನನ್ನು ತನ್ನ ಕೋಣೆಗೆ ಕರೆದುಕೊಂಡು ಹೋದಳು, ಓದಿಸಿದಳು. ಹೆರಳು ಹಾಕುವಾಗ ಎಕ್ಸ್‌ಚೇಂಜಿನ ಕತೆ ಹೇಳುತ್ತಿದ್ದಳು. “ಮಾತಿಗಿಂತ ಮೊದಲ ಉಸಿರು ಬರ್ತದವಾ. ಅವರು ಹಲೋ ಅನ್ನೂಕಿಂತ ಮೊದಲ ನನಗ ತಿಳೀತಿತ್ತು, ಇದು ಸಾವಿನ ಸುದ್ದಿ, ಇದು ಕೂಸು ಹುಟ್ಟಿದ ಸುದ್ದಿ ಅಂತ.”

ನಾಲ್ಕು ದಶಕಗಳ ನಂತರ ಅದೇ ಮಾತಿನಿಂದ ನಾನು ಮತ್ತು ನನ್ನ ಸಹೋದ್ಯೋಗಿ ಉದಯ ಕಬ್ಬೂರ ‘ಕಿವಿ’ ಮಾಡಿದೆವು. ಅಂಗಿಯ ಗುಂಡಿಯಷ್ಟು ದೊಡ್ಡ ಬಿಲ್ಲೆ. ಕೊರಳ ಎಲುಬಿನ ಕೆಳಗೆ ಚರ್ಮಕ್ಕೆ ಅಂಟಿಸುವುದು. ಅದು ಉಸಿರು ಕೇಳುತ್ತದೆ, ನಾಡಿ ಎಣಿಸುತ್ತದೆ, ಬೆವರಿನ ರುಚಿ ನೋಡುತ್ತದೆ, ನರಳಿದರೆ ಗುರುತಿಸುತ್ತದೆ. ಆ ಜೀವಕ್ಕೆ ಏನೋ ಬೇಕಾಗಿದೆ ಎಂದು ಅದಕ್ಕೆ ಅನಿಸಿದರೆ ಅದು ಒಂದು ‘ಕರೆ’. ನೋಡಿಕೊಳ್ಳುವ ಆಯಾ ಎಲ್ಲಿದ್ದಾಳೆಂದು ಅವಳ ಮಣಿಕಟ್ಟಿನ ಕೈಪಟ್ಟಿ ತಿಳಿಸುತ್ತದೆ; ಆ ಕೈಪಟ್ಟಿ ಹತ್ತಿರ ಬಂದು, ಮೈ ಮತ್ತೆ ಶಾಂತವಾಗುವವರೆಗೆ ಹಿಡಿದ ಹೊತ್ತು ‘ಕಾಯುವ ಹೊತ್ತು’. ಕಾಯುವ ಹೊತ್ತು ಕಡಿಮೆಯಿದ್ದಷ್ಟೂ ಮನೆಗೆ ಹೆಚ್ಚು ಅಂಕ. ಎಂಬತ್ತಕ್ಕಿಂತ ಕೆಳಗಿಳಿದರೆ ಪರವಾನಗಿ ರದ್ದು. ಯಾವ ಸಾಹೇಬನೂ ಬರಬೇಕಿಲ್ಲ, ಯಾವ ಪಾಯಸವೂ ನಡೆಯುವುದಿಲ್ಲ. ಸರ್ಕಾರ ಕುಣಿದಾಡಿತು. ಧಾರವಾಡದಲ್ಲಿ ನಮಗೊಂದು ಆರೈಕೆ ಮಾಪನ ಕೇಂದ್ರ ಕಟ್ಟಿಸಿಕೊಟ್ಟಿತು.

ಒಂದೇ ತೊಡಕು. ಒಬ್ಬೊಬ್ಬರ ಮೈ ಒಂದೊಂದು ಥರ. ಗೂರಲು ಇದ್ದವರ ಉಸಿರು ಯಾವಾಗಲೂ ಏದುಸಿರೇ. ಅದನ್ನೆಲ್ಲ ಕರೆ ಎಂದು ಎಣಿಸಲಾಗದು. ಅದಕ್ಕೇ ಮೊದಲ ಮೂವತ್ತು ದಿನ ಕಿವಿ ಅಂಕ ಕೊಡುವುದಿಲ್ಲ, ಬರೀ ಕಲಿಯುತ್ತದೆ. ಈ ಮನುಷ್ಯನ ಸಹಜ ಸ್ಥಿತಿ ಇದು ಎಂದು ಗುರುತಿಟ್ಟುಕೊಳ್ಳುತ್ತದೆ. ಅದಕ್ಕೆ ‘ಪರಿಚಯದ ತಿಂಗಳು’ ಎಂದು ಹೆಸರಿಟ್ಟೆ. ಆ ತಿಂಗಳು ಮನೆಯವರು ಬಂದರೆ ಕಣ್ಣೀರು, ನಗು, ಎದೆಬಡಿತ ಎಲ್ಲ ಸೇರಿ ಕಲಿಕೆ ಕೆಡುತ್ತದೆ. ಹಾಗಾಗಿ ನಿಯಮಾವಳಿಯ ಏಳನೇ ಪುಟದಲ್ಲಿ ನಾನೇ ಬರೆದೆ. ಮೂವತ್ತು ದಿನ ಬಂಧುಗಳ ಭೇಟಿ ಇಲ್ಲ, ಫೋನೂ ಇಲ್ಲ.

ಚಿಗವ್ವ ಬಚ್ಚಲಲ್ಲಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಾಗ ನನಗೆ ಚಿಂತೆಯೇ ಆಗಲಿಲ್ಲ. ನಾನೇ ಅಳೆದ ಮನೆಗಳಲ್ಲಿ ಎಲ್ಲಕ್ಕಿಂತ ಮೇಲಿನದನ್ನು ಆರಿಸಿದೆ. ಒಂದು ತಿಂಗಳು ಅತ್ತ ಸುಳಿಯಲಿಲ್ಲ, ನಿಯಮ ಮಾಡಿದವಳೇ ಮುರಿದರೆ ಹೇಗೆ ಎಂಬ ಜಂಬ ಬೇರೆ. ತಿಂಗಳು ಕಳೆದು ಹೋದಾಗ ಚಿಗವ್ವ ಬಡವಾಗಿದ್ದಳು, ಮಾತು ಕಡಿಮೆಯಾಗಿತ್ತು. ವಯಸ್ಸು ಎಂಬತ್ತೆರಡಲ್ಲವೇ ಅಂದುಕೊಂಡೆ. ಗೋಡೆ ನೋಡಿದೆ. ಸಮಾಧಾನವಾಯಿತು.

* * *

ಕಳೆದ ಜೂನಿನಲ್ಲಿ ಬೇರೆ ರಾಜ್ಯಗಳ ತಂಡವೊಂದು ನಮ್ಮ ಕೇಂದ್ರ ನೋಡಲು ಬರುವುದಿತ್ತು. ನಕ್ಷೆ, ಗೆರೆ, ಪಟ್ಟಿ ತೋರಿಸಿದರೆ ಯಾರ ಮನಸ್ಸೂ ಕರಗುವುದಿಲ್ಲ. ಒಂದು ನಿಜವಾದ ಕರೆ, ಅದಕ್ಕೆ ಓಡಿ ಬಂದ ಆಯಾಳ ಸದ್ದು, ಆಮೇಲೆ ನಿರಾಳವಾದ ಉಸಿರು, ಇಷ್ಟನ್ನು ಕೇಳಿಸೋಣ ಅನಿಸಿತು. ಕಿವಿಯ ಕಚ್ಚಾ ದನಿಯನ್ನು ಮೂರು ವರ್ಷ ಇಟ್ಟಿರುತ್ತೇವೆ, ಆದರೆ ಯಾರೂ ಕೇಳುವಂತಿಲ್ಲ. ತೆರೆಯುವ ಅಧಿಕಾರ ನನಗೆ ಮತ್ತು ಉದಯನಿಗೆ ಮಾತ್ರ, ಅದೂ ಆ ವ್ಯಕ್ತಿಯ ಜವಾಬ್ದಾರರ ಒಪ್ಪಿಗೆ ಇದ್ದರೆ. ಚಿಗವ್ವನ ಜವಾಬ್ದಾರಿ ಹೊತ್ತವಳು ನಾನೇ. ತಕರಾರೇ ಇಲ್ಲ.

ಬೆಳಿಗ್ಗೆ ಹತ್ತಕ್ಕೆ, ಚಹಾ ಲೋಟ ಪಕ್ಕದಲ್ಲಿಟ್ಟುಕೊಂಡು ಹುಡುಕಲು ಕೂತೆ. ಕಳೆದ ವಾರದಲ್ಲಿ ಒಂದೂ ಕರೆ ಇರಲಿಲ್ಲ. ಸರಿ, ಕಳೆದ ತಿಂಗಳು? ಇಲ್ಲ. ಕಳೆದ ವರ್ಷ? ಇಲ್ಲ. ಪರಿಚಯದ ತಿಂಗಳು ಮುಗಿದ ಮೇಲೆ, ಇಪ್ಪತ್ತೆರಡು ತಿಂಗಳಲ್ಲಿ, ಸೊಂಟ ಮುರಿದ ಎಂಬತ್ತೆರಡರ ಹೆಂಗಸು ಒಂದು ಸಲವೂ ಯಾರನ್ನೂ ಕರೆದಿರಲಿಲ್ಲ. ನೀರಡಿಕೆಗೂ ಇಲ್ಲ, ಬಚ್ಚಲಿಗೆ ಹೋಗಲೂ ಇಲ್ಲ. ಕಾಯುವ ಹೊತ್ತು ಸೊನ್ನೆ. ತೊಂಬತ್ತೇಳು ಬಂದದ್ದು ಹೀಗೆ.

ಚಹಾ ಆರುತ್ತಿತ್ತು. ಒಂದು ಕರೆಯಾದರೂ ಸಿಗಲಿ ಎಂದು ಪರಿಚಯದ ತಿಂಗಳಿಗೇ ಹೋದೆ. ಮೊದಲ ದಿನ ನಲವತ್ತೊಂದು ಕರೆಗಳಿದ್ದವು.

“ಯಾರರ ಅದೀರೇನ್ರೀ? ಸ್ವಲ್ಪ ಬರ್ರಿ.” ಅದು ಎಕ್ಸ್‌ಚೇಂಜಿನ ದನಿ. ಸ್ಪಷ್ಟ, ಮರ್ಯಾದೆಯ ದನಿ. ಯಾರೂ ಬರಲಿಲ್ಲ. ದಾಖಲೆಯಲ್ಲಿ ಆಯಾಳ ಕೈಪಟ್ಟಿ ಎಲ್ಲಿತ್ತೆಂದು ನೋಡಿದೆ. ಬಾಗಿಲಾಚೆ, ಆರು ಹೆಜ್ಜೆ ದೂರದಲ್ಲಿ, ಅಲುಗಾಡದೆ ನಿಂತಿತ್ತು. ಊಟದ ಹೊತ್ತಿಗೆ ಮೂರು ಸಲ ಒಳಗೆ ಬಂದಿತ್ತು, ಅಷ್ಟೇ.

ನಾಲ್ಕನೇ ದಿನ. “ಕಾಲು ಭಾಳ ನೋಯ್ತದವಾ. ಒಂಚೂರು ಹೊಳ್ಳಿಸಿ ಮಲಗಸ್ರಿ.”

ಒಂಬತ್ತನೇ ದಿನ. “ಮಾದೇವಿಗೆ ಒಂದು ಫೋನ್ ಹಚ್ಚಿಕೊಡ್ರಿ. ನಂಬರ್ ನನಗ ಬಾಯಾಗ ಅದ.” ಆಮೇಲೆ ನನ್ನ ಹತ್ತು ಅಂಕಿಗಳ ನಂಬರು, ಒಂದೊಂದನ್ನೂ ಬಿಡಿಸಿ, ಆಪರೇಟರುಗಳು ಹೇಳುವ ಹಾಗೆ.

ಹದಿನೇಳನೇ ದಿನ ಬೇರೆ ಮಾತಿಲ್ಲ. ಬರೀ ಆ ನಂಬರು. ಮುಗಿಯುತ್ತಿತ್ತು, ಮತ್ತೆ ಮೊದಲಿನಿಂದ. ಬೆಳಗಿನಿಂದ ಸಂಜೆಯ ತನಕ.

ಇಪ್ಪತ್ತಾರನೇ ದಿನ ಒಂದು ಕರೆ. ಅದೂ ಅರ್ಧಕ್ಕೇ ನಿಂತಿತ್ತು. ಇಪ್ಪತ್ತೆಂಟಕ್ಕೆ ಏನೂ ಇಲ್ಲ. ಮೂವತ್ತನೇ ದಿನದ ಕೊನೆಯಲ್ಲಿ ಕಿವಿ ತಾನಾಗಿ ಬರೆದುಕೊಂಡ ಸಾಲು, ಅದೂ ನಾನೇ ಬರೆದುಕೊಟ್ಟಿದ್ದ ಸಾಲು, ತೆರೆಯ ಮೇಲೆ ಮೂಡಿತು: ಪರಿಚಯ ಪೂರ್ಣ. ಸಹಜ ಸ್ಥಿತಿ ಗುರುತಿಸಲಾಗಿದೆ.

ನೋವನ್ನೇ ಸಹಜ ಎಂದು ಕಲಿತ ಯಂತ್ರ ಆಮೇಲೆ ನೋವನ್ನು ಹೇಗೆ ಗುರುತಿಸೀತು? ಮೂವತ್ತು ದಿನ ಯಾರೂ ಬರದಿದ್ದರೆ ಮನುಷ್ಯ ತಾನಾದರೂ ಯಾಕೆ ಕರೆದಾನು? ತೊಂಬತ್ತೈದು ದಾಟಿದ ಉಳಿದ ಮನೆಗಳ ಅಂಕಿಅಂಶ ತೆಗೆದೆ. ದನಿ ಕೇಳುವ ಅಧಿಕಾರವಿರಲಿಲ್ಲ, ದಿನಕ್ಕೆಷ್ಟು ಕರೆ ಎಂಬ ಗೆರೆ ನೋಡಿದರೆ ಸಾಕಿತ್ತು. ಹನ್ನೊಂದು ಮನೆಗಳಲ್ಲಿ ಒಂಬತ್ತರದು ಅದೇ ಇಳಿಜಾರು. ಮೊದಲ ದಿನ ಬೆಟ್ಟ, ಮೂವತ್ತನೇ ದಿನ ಬಯಲು. ಒಂಬತ್ತು ಮನೆಗಳಿಗೆ ಒಟ್ಟಿಗೇ ಹೊಳೆಯುವ ಉಪಾಯವಲ್ಲ ಇದು. ಯಾರೋ ಹೇಳಿಕೊಟ್ಟಿದ್ದಾರೆ. ಕಿವಿ ಹೇಗೆ ಕಲಿಯುತ್ತದೆಂದು ತಿಳಿದವರು ಜಗತ್ತಿನಲ್ಲಿ ಇಬ್ಬರೇ.

* * *

ಉದಯ ತನ್ನ ಮೇಜಿನ ಮುಂದೆ ಉಪ್ಪಿಟ್ಟು ತಿನ್ನುತ್ತಿದ್ದ. ನಾನು ತೆರೆಯನ್ನು ಅವನ ಮುಂದೆ ಹಿಡಿದೆ. ಅವನು ಚಮಚ ಕೆಳಗಿಟ್ಟ. ಗಾಬರಿಯಾಗಲಿಲ್ಲ.

“ನಾ ಮೊದಲನೇ ವರ್ಷನ ಕೇಳಿದ್ದೆ ಮಾದೇವಿಯವರ,” ಅಂದ. “ಪರಿಚಯದ ತಿಂಗಳದಾಗ ಬೇಕಂತನ ನೋಡಿಕೊಳ್ಳದಿದ್ರ ಏನಾಗ್ತದ ಅಂತ. ನೀವು ನಕ್ಕ್ರಿ. ಅಂಥಾ ಕೆಲಸ ಯಾರು ಮಾಡ್ತಾರ ಅಂದ್ರಿ.”

ಹೌದು, ಅಂದಿದ್ದೆ. ನಕ್ಕಿದ್ದೂ ನೆನಪಾಯಿತು.

“ಅದಕ್ಕ ನೀವ ಮಾಡಿಸಿದ್ರಿ?”

“ಮನಿಗೋಳು ಮುಚ್ಚೂ ಹಂತಕ್ಕ ಬಂದಿದ್ದೂರೀ. ಇಪ್ಪತ್ತು ಮಂದಿ ಮುದುಕರಿಗೆ ಒಬ್ಬಾಕಿ ಆಯಾ. ಕೆಲಸಕ್ಕ ಜನ ಸಿಗಂಗಿಲ್ಲ. ನಿಮ್ಮ ಎಂಬತ್ತು ಎಲ್ಲಿಂದ ತರ್ಬೇಕು ಅವರು? ಮುಚ್ಚಿದ್ರ ಮುದುಕರು ಬೀದಿಗೆ ಬೀಳ್ತಿದ್ರು. ಬಂದು ಕೇಳಿದ್ರು, ಸಲಹಾ ಕೊಟ್ಟೆ. ಒಂದು ತಿಂಗಳ ತ್ರಾಸು ಅಷ್ಟ. ಆಮ್ಯಾಲ ಎಲ್ಲಾರೂ ಶಾಂತ ಇರ್ತಾರ.”

“ಅಲ್ಲಿ ನಮ್ಮ ಚಿಗವ್ವ ಇದ್ಲು. ನಿಮಗ ಗೊತ್ತಿತ್ತು.”

ಈಗ ಮಾತ್ರ ಅವನು ಮುಖ ಬೇರೆ ಕಡೆ ತಿರುಗಿಸಿದ. ಈ ಉದಯ ಏಳು ವರ್ಷ ಪ್ರತಿ ಗುರುವಾರ ನಮ್ಮ ಮನೆಯಲ್ಲಿ ಊಟ ಮಾಡಿದವನು. ಚಿಗವ್ವನ ಕೈಯ ಎಣ್ಣೆಗಾಯಿ ಬಡಿಸಿಕೊಂಡು, “ಕಿವಿ ಹುಟ್ಟಿದ್ದು ನಿಮ್ಮ ಕಿವಿಯಿಂದನ ಅಲ್ಲೇನ್ರಿ ಅವ್ವಾರ” ಎಂದು ಅವಳನ್ನು ನಗಿಸಿದವನು.

“ಗೊತ್ತಿತ್ತು,” ಅಂದ. “ಅವರೊಬ್ಬರನ್ನ ಚಲೋ ನೋಡಿಕೊಂಡಿದ್ರ ಅವರ ಗೆರಿ ಉಳಿದವರಕಿಂತ ಬ್ಯಾರೆ ಕಾಣ್ತಿತ್ತು. ನೀವು ಹಿಡಿದುಬಿಡ್ತಿದ್ರಿ.”

ಅವನ ಉಪ್ಪಿಟ್ಟಿನ ತಟ್ಟೆಯನ್ನು ಎತ್ತಿ ಎಸೆಯಬೇಕೆನಿಸಿತು. ಎಸೆಯಲಿಲ್ಲ. ಬೆನ್ನಿಗೆ ಚೂರಿ ಹಾಕಿದರು ಅನ್ನುತ್ತಾರಲ್ಲ, ನನಗೆ ಹಾಗೂ ಅನಿಸಲಿಲ್ಲ. ಚೂರಿ ಹಾಕಿದ್ದು ಚಿಗವ್ವನಿಗೆ, ಅದನ್ನು ಮಸೆದು ಕೊಟ್ಟದ್ದು ನಾನು. ಆ ಮಧ್ಯಾಹ್ನವೇ ಎಲ್ಲ ಕಿವಿಗಳ ಅಂಕ ತಡೆಹಿಡಿಯಬೇಕೆಂದು ಇಲಾಖೆಗೆ ಪುರಾವೆ ಸಹಿತ ಬರೆದು ಕಳಿಸಿ, ಹುಬ್ಬಳ್ಳಿಯ ಬಸ್ಸು ಹತ್ತಿದೆ. ಇಲಾಖೆ ಒಂದು ಸಮಿತಿ ನೇಮಿಸಿತು. ಅದು ಇನ್ನೂ ಸಭೆ ಸೇರುತ್ತಿದೆ.

* * *

ಎರಡನೇ ಭಾನುವಾರವಲ್ಲದ ದಿನ ನನ್ನನ್ನು ಕಂಡು ಸಂಜೆಬೆಳಕಿನ ಬಾಗಿಲಲ್ಲಿ ಆಯಾ ಕಸ್ತೂರಿ ತಬ್ಬಿಬ್ಬಾದಳು. ಮೂವತ್ತೈದರ ಸುಮಾರಿನ, ಕುಂದಗೋಳ ಕಡೆಯ ಹೆಣ್ಣುಮಗಳು. ಪ್ರತಿ ತಿಂಗಳೂ ಅವಳಿಗೂ ಒಂದು ಹೋಳಿಗೆ ಕೊಡುತ್ತಿದ್ದೆ. ಆ ಕೈಪಟ್ಟಿ ಇವಳ ಕೈಯಲ್ಲೇ ಇತ್ತು.

“ಆ ತಿಂಗಳು ಬಾಗಿಲ ಹೊರಗ ನಿಂತು ಎಲ್ಲಾ ಕೇಳಿಸಿಕೊಂಡಿ ಅಲ್ಲ ಕಸ್ತೂರಿ?”

ಅವಳ ಕಣ್ಣು ತುಂಬಿತು. “ಕಿವ್ಯಾಗ ಹತ್ತಿ ಇಟ್ಕೊಂಡಿದ್ದೆ ಅಕ್ಕಾರ. ಮ್ಯಾನೇಜರ್ ಸಾಹೇಬ್ರು ನಿಂದ್ರಿಸಿದ್ರು. ಹ್ವಾದರ ನಿಯಮ ಮುರಿದಂಗ ಆಗ್ತದ ಅಂದ್ರು.” ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು, “ನಿಮ್ಮ ನಿಯಮನ ಅಂದ್ರು. ನಿಮಗ ಗೊತ್ತಿದ್ದದ್ದಲ್ಲೇನ್ರಿ? ತಮ್ಮ ಚಿಗವ್ವಗ ಹಿಂಗ ಮಾಡಸ್ತಾರಲ್ಲ, ಎಂಥಾ ಗಟ್ಟಿ ಎದಿ ಅಂತ ನಾವೆಲ್ಲ ಮಾತಾಡ್ತಿದ್ವಿ.”

ಅಂದರೆ ಇಪ್ಪತ್ತೆರಡು ತಿಂಗಳು ನನ್ನ ಕೈಯಿಂದ ಹೋಳಿಗೆ ತೆಗೆದುಕೊಳ್ಳುವಾಗ ಇವಳು ನನ್ನ ಬಗ್ಗೆ ಹೀಗೆ ಅಂದುಕೊಂಡಿದ್ದಳು. ಅವಳನ್ನು ದಾಟಿ ಒಳಗೆ ಹೋದೆ.

ಅವತ್ತು ಮೊದಲ ಬಾರಿಗೆ ಗೋಡೆ ನೋಡಲಿಲ್ಲ. ಚಿಗವ್ವ ಎಡಮಗ್ಗುಲಾಗಿ ಮಲಗಿದ್ದಳು. ಹೊದಿಕೆ ಸರಿಸಿದೆ. ಬಲಗಾಲು ಸೊಟ್ಟಗೆ ಒಣಗಿದಂತಿತ್ತು. ಹಿಮ್ಮಡಿಯಲ್ಲಿ ಹಾಸಿಗೆಹುಣ್ಣು, ಹಳೆಯದು, ಅಂಚು ಕಪ್ಪಾದದ್ದು. ಹೋಳಿಗೆ ಕೊಟ್ಟು ಕೂತಿರುತ್ತಿದ್ದ ಜಾಗದಿಂದ ಅದು ಎರಡು ಗೇಣು ದೂರ.

“ಯಾಕವಾ, ಇವತ್ತ ಬಂದಿ? ಇನ್ನೂ ದಿನ ಅದಾವಲ್ಲ?”

“ಚಿಗವ್ವ, ಆ ತಿಂಗಳು ನೀ ಕರದದ್ದೆಲ್ಲಾ ಇವತ್ತ ಕೇಳಿದೆ.”

ಅವಳು ನನ್ನನ್ನೇ ನೋಡಿದಳು. ಕಣ್ಣಲ್ಲಿ ನೀರಿರಲಿಲ್ಲ. “ಇವತ್ತ ಕೇಳಿದ್ಯಾ?” ಅಂದಳು. “ಭಾಳ ತಡಾ ಆತು ನೋಡು ಲೈನ್ ಸಿಗೂದು.”

“ನನಗ ಗೊತ್ತಿರಲಿಲ್ಲ. ಖರೇನ ಗೊತ್ತಿರಲಿಲ್ಲ. ಯಾಕ ಹೇಳಲಿಲ್ಲ ನೀ? ಪ್ರತಿ ತಿಂಗಳು ಬಂದೀನಿ. ಹೆಂಗದೀ ಅಂತ ಕೇಳೀನಿ. ಚಲೋ ಅದೀನಿ ಅಂದಿ!” ನನ್ನ ದನಿ ಏರಿತ್ತು. ನನಗೆ ಮೋಸ ಮಾಡಿದವರಲ್ಲಿ ಅವಳೂ ಒಬ್ಬಳು ಎಂಬಂತೆ ಜಗಳಕ್ಕೆ ನಿಂತಿದ್ದೆ.

“ಯಾರಿಗೆ ಹೇಳ್ಲಿ?” ಚಿಗವ್ವ ನಿಧಾನವಾಗಿ ಕೇಳಿದಳು. “ಮೊದಲನೇ ದಿನನ ಸಾಹೇಬ್ರು ಕಾಗದ ತೋರಿಸಿದ್ರು. ಒಂದು ತಿಂಗಳು ಯಾರೂ ಬರಂಗಿಲ್ಲ, ಕರದ್ರೂ ಬರಂಗಿಲ್ಲ, ಫೋನು ಕೊಡಂಗಿಲ್ಲ, ಇದು ನಿಮ್ಮ ಮಾದೇವಿಯವರ ಬರದ ನಿಯಮ ಅಂದ್ರು. ಕೆಳಗ ನಿನ್ನ ಸಹಿ ಇತ್ತು. ನೀ ಸಾಲಿ ಕಲಿಯೂವಾಗ ನಾನ ಕಲಿಸಿದ ಸಹಿ, ಗುರುತು ಹತ್ತಂಗಿಲ್ಲೇನು? ಆದ್ರೂ ನಂಬಲಿಲ್ಲ. ನಂಬರ್ ಹೇಳಿದೆ, ಹೇಳಿದೆ. ನೀ ಬರ್ಲಿಲ್ಲ. ಆಮ್ಯಾಲ ಖರೇ ಇರಬೇಕು ಅನಿಸಿತು.”

“ಭೇಟಿ ಬ್ಯಾಡ, ಫೋನ್ ಬ್ಯಾಡ ಅಂತ ಅಷ್ಟ ಬರದಿದ್ದೆ ಚಿಗವ್ವ. ಕರದ್ರ ಹೋಗಬ್ಯಾಡ್ರಿ ಅಂತ ಎಲ್ಲಿ ಬರದಿದ್ದೆ?”

“ಅದು ನನಗೆಂಗ ಗೊತ್ತಾಗಬೇಕು? ತಿಂಗಳಾದಮ್ಯಾಲ ನೀ ಬಂದಿ. ನನ್ನ ನೋಡ್ಲಿಲ್ಲ. ಆ ಗ್ವಾಡಿ ನೋಡಿ ನಕ್ಕಿ.” ಅವಳು ಮುಖ ಎತ್ತದೆ ಬೆರಳಷ್ಟೇ ಆ ಕಡೆ ತೋರಿಸಿದಳು. “ಅವತ್ತ ಖಾತ್ರಿ ಆತು.”

ಅವಳ ಕೊರಳ ಕೆಳಗಿನ ಬಿಲ್ಲೆಯನ್ನು ಉಗುರಿನಿಂದ ಕಿತ್ತೆ. ಚರ್ಮ ಅಲ್ಲಿ ಬೆಳ್ಳಗೆ ಗುಂಡಗೆ ಉಳಿಯಿತು. ಕಿವಿ ಕಳಚಿದೊಡನೆ ಆ ಕೋಣೆಯ ಗೋಡೆಯ ಮೇಲಿನ ಅಂಕಿ ಅಳಿಸಿಹೋಯಿತು.

* * *

ಆಸ್ಪತ್ರೆಯಲ್ಲಿ ಹುಣ್ಣಿಗೆ ಚಿಕಿತ್ಸೆ ಮುಗಿಸಿ, ಜುಲೈ ಹನ್ನೊಂದರ ಬೆಳಿಗ್ಗೆ ಅವಳನ್ನು ಧಾರವಾಡದಲ್ಲಿ ನಾನು ಈಚೆಗೆ ಹಿಡಿದಿದ್ದ, ಅವಳು ಕಂಡಿರದ ಮನೆಗೆ ಕರೆತಂದೆ. ಕೆಲಸಕ್ಕೆ ರಾಜೀನಾಮೆ ಕೊಟ್ಟಾಗಿತ್ತು. ನನ್ನ ಮಂಚವನ್ನೇ ಕಿಟಕಿಯ ಪಕ್ಕಕ್ಕೆ ಎಳೆದು, ಮೆತ್ತನೆ ಗಾದಿ ಹಾಕಿಸಿದ್ದೆ. ಕೈಗೆಟುಕುವಲ್ಲಿ ನೀರಿನ ತಂಬಿಗೆ, ಮೊಬೈಲು, ಒಂದು ಹಿತ್ತಾಳೆಯ ಗಂಟೆ. ದಾರಿಯುದ್ದಕ್ಕೂ ಹೇಳುತ್ತಲೇ ಬಂದಿದ್ದೆ. ಆ ನಿಯಮ ಹೋಯಿತು, ಅದು ತಪ್ಪು, ನನ್ನ ತಪ್ಪು, ಇನ್ನು ಮೇಲೆ ಕಣ್ಣು ಮಿಟುಕಿಸಿದರೂ ಬರುತ್ತೇನೆ. ಪ್ರತಿ ಮಾತಿಗೂ ಚಿಗವ್ವ “ಹೂಂ” ಅಂದಿದ್ದಳು.

ಕೆಲಸದವಳ ಜೊತೆ ಸೇರಿ ಅವಳನ್ನು ಮಲಗಿಸಿದೆ. ಕಾಲ ಕೆಳಗೆ ದಿಂಬು ಇಟ್ಟೆ. ಚಿಗವ್ವ ಕೋಣೆಯನ್ನೆಲ್ಲ ಒಮ್ಮೆ ನೋಡಿದಳು. ನಾಲ್ಕೂ ಗೋಡೆಗಳನ್ನು ಒಂದೊಂದಾಗಿ.

“ಅಂಕಿ ಇಲ್ಲೇನು ಇಲ್ಲೆ?”

“ಇಲ್ಲ ಚಿಗವ್ವ. ಅವೆಲ್ಲಾ ಏನೂ ಇಲ್ಲ. ಏನರ ಬೇಕಾದ್ರ ಕರಿ. ನಾ ಇಲ್ಲೇ ಅಡಿಗಿಮನ್ಯಾಗ ಇರ್ತೀನಿ. ಬಿಸಿ ಅನ್ನ ಮಾಡ್ತೀನಿ.”

“ಹೂಂ.”

ನಾನು ಬಾಗಿಲವರೆಗೆ ಹೋಗಿರಬೇಕು. ಹಿಂದಿನಿಂದ ಅವಳು ಕೇಳಿದಳು.

“ಮಾದೇವಿ, ಇವತ್ತ ಎಷ್ಟನೇ ತಾರೀಖು?”

“ಹನ್ನೊಂದು. ಯಾಕ?”

ಅವಳು ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳು ಸರಿಸುತ್ತ ಲೆಕ್ಕ ಹಾಕಿದಳು. ಆಮೇಲೆ ಹೊದಿಕೆಯನ್ನು ತಾನೇ ಕೊರಳತನಕ ಎಳೆದುಕೊಂಡು, ಗಂಟೆಯನ್ನು ಕೈಗೆ ತಾಗದ ಹಾಗೆ ಆಚೆ ದೂಡಿದಳು.

“ಹೊಸಾ ಜಾಗಾ ಅಲ್ಲ? ಹಂಗಾದ್ರ ಮುಂದಿನ ಹನ್ನೊಂದಕ್ಕ ಬರ್ತಿ. ಹೋಗವಾ, ಚಿಂತಿ ಮಾಡಬ್ಯಾಡ. ಈ ಸಲ ನಾ ಕರಿಯಂಗಿಲ್ಲ.”